ಸೆರೆಮನೆಯ ಹೊಡೆದಾಟಕ್ಕೆ ಲಾಠಿ ಮದ್ದಲ್ಲ

‘ಜೈಲಿನಲ್ಲಿ ಕೈದಿಗಳ ಮಾರಾಮಾರಿ’ ಎಂಬ ಸುದ್ದಿಯನ್ನು ನೀವು ಪತ್ರಿಕೆಯಲ್ಲಿ ಆಗಾಗ ಓದಿರುತ್ತೀರಿ. ಓದಿದೊಡನೆ ಬಾಯಿಗೆ ಬರುವ ಮಾತು ಸಾಮಾನ್ಯವಾಗಿ ಒಂದೇ: ‘ಕಳ್ಳರು, ಕೊಲೆಗಡುಕರೆಲ್ಲ ಒಂದೆಡೆ ಸೇರಿದರೆ ಇನ್ನೇನಾದೀತು?’ ಅಷ್ಟಕ್ಕೆ ಪುಟ ಮಗುಚುತ್ತೇವೆ. ಆರೋಗ್ಯದ ಅಂಕಣಕ್ಕೂ ಸೆರೆಮನೆಗೂ ಎತ್ತಣ ಸಂಬಂಧ ಎಂದು ನೀವು ಕೇಳಬಹುದು.

ಸಂಬಂಧ ಇದೆ. ಹಿಂಸೆಯು ಜಗತ್ತಿನ ಪ್ರಮುಖ ಸಾರ್ವಜನಿಕ ಆರೋಗ್ಯ ಸಮಸ್ಯೆಗಳಲ್ಲೊಂದು ಎಂದು 1996ರಲ್ಲಿಯೇ ವಿಶ್ವ ಆರೋಗ್ಯ ಸಭೆ ನಿರ್ಣಯ ಮಾಡಿತು. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದೇ ವಿಷಯದ ಮೇಲೆ ದೊಡ್ಡದೊಂದು ವರದಿಯನ್ನು ಹೊರತಂದಿತು. ಅದರ ತಿರುಳು ಸರಳ. ರೋಗಕ್ಕೆ ಕಾರಣ ಹುಡುಕುವಂತೆಯೇ ಹಿಂಸೆಗೂ ಕಾರಣ ಹುಡುಕಬಹುದು. ಕಾರಣ ತಿಳಿದರೆ ತಡೆಯಲೂಬಹುದು. ಒಂದು ಕೇರಿಯಲ್ಲಿ ಕಾಲರಾ ಕಾಣಿಸಿಕೊಂಡರೆ ತಿಳಿವಳಿಕೆಯುಳ್ಳ ವೈದ್ಯ ಅಲ್ಲಿನ ಜನರನ್ನು ಬೈಯುತ್ತ ಕೂರುವುದಿಲ್ಲ. ಅವರು ಕುಡಿಯುವ ನೀರು ಎಲ್ಲಿಂದ ಬರುತ್ತದೆ ಎಂದು ನೋಡುತ್ತಾನೆ. ಬಡ ಮತ್ತು ಅಭಿವೃದ್ಧಿಶೀಲ ರಾಷ್ಟ್ರಗಳ ಸೆರೆಮನೆಗಳಲ್ಲಿ ನಡೆಯುವ ರಕ್ತಪಾತವನ್ನೂ ಹೀಗೆಯೇ ನೋಡಬೇಕು ಎಂಬುದು ಈ ಲೇಖನದ ವಾದ. ಅಲ್ಲಿಯ ಹಿಂಸೆಯಲ್ಲಿ ಕೈದಿಗಳ ಸ್ವಭಾವದ ಪಾಲು ಸಣ್ಣದು. ಅವರನ್ನು ಇಟ್ಟ ಸ್ಥಿತಿಯ ಪಾಲು ದೊಡ್ಡದು.

ಒಳಗಿರುವವರು ಯಾರು?

ಮೊದಲು ನಮ್ಮ ದೇಶದ ಲೆಕ್ಕ ನೋಡೋಣ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಟಿಸಿದ ಅಂಕಿಅಂಶದಂತೆ 2022ರ ಡಿಸೆಂಬರ್ 31ರಂದು ಭಾರತದ ಜೈಲುಗಳಲ್ಲಿ 5,73,220 ಮಂದಿ ಇದ್ದರು. ಜಾಗ ಇದ್ದದ್ದು 4,36,266 ಮಂದಿಗೆ. ಅಂದರೆ ನೂರು ಜನರ ಜಾಗದಲ್ಲಿ 131 ಜನ. ಇದು ಇಡೀ ದೇಶದ ಸರಾಸರಿ. ಕೆಲವು ಜೈಲುಗಳಲ್ಲಿ ಇದಕ್ಕಿಂತ ಎಷ್ಟೋ ಹೆಚ್ಚು ಮಂದಿ ತುಂಬಿರುತ್ತಾರೆ.

ಇನ್ನೊಂದು ಅಂಕಿಯನ್ನು ನೀವು ವಿಶೇಷವಾಗಿ ಗಮನಿಸಬೇಕು. ಇವರಲ್ಲಿ 4,34,302 ಮಂದಿ ವಿಚಾರಣಾಧೀನ ಕೈದಿಗಳು. ನಾಲ್ವರಲ್ಲಿ ಮೂವರ ಮೇಲಿನ ಆರೋಪ ಇನ್ನೂ ಸಾಬೀತಾಗಿರಲಿಲ್ಲ. ಕಾನೂನಿನ ದೃಷ್ಟಿಯಲ್ಲಿ ಅವರು ನಿರಪರಾಧಿಗಳು. ಕೈದಿಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ಹತ್ತನೆಯ ತರಗತಿ ಮುಟ್ಟದವರು. ಹಣವಂತ ಆರೋಪಿ ಜಾಮೀನು ಪಡೆದು ಮನೆಗೆ ಹೋಗುತ್ತಾನೆ. ಭದ್ರತೆ ಕೊಡಲು ಪಹಣಿಯೂ ಇಲ್ಲದ, ವಕೀಲರಿಗೆ ಕೊಡಲು ಕಾಸೂ ಇಲ್ಲದ ಆರೋಪಿ ಒಳಗೆ ಉಳಿಯುತ್ತಾನೆ. ‘ಕೊಲೆಗಡುಕರ ಕೂಟ’ ಎಂದು ನಾವು ಸುಲಭವಾಗಿ ಕರೆಯುವ ಜಾಗದ ನಿಜವಾದ ಚಿತ್ರ ಇದು.

ಬಹುಪಾಲು ಅಭಿವೃದ್ಧಿಶೀಲ ರಾಷ್ಟ್ರಗಳಲ್ಲಿ ಹೆಚ್ಚುಕಡಿಮೆ ಇದೇ ಚಿತ್ರ ಕಾಣುತ್ತದೆ. ಇದರ ಪರಿಣಾಮ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಬ್ರೆಜಿಲ್ ದೇಶದ ಒಂದು ಜೈಲಿನ ಕಥೆಯಷ್ಟು ಸ್ಪಷ್ಟವಾದ ಉದಾಹರಣೆ ಬೇರೊಂದಿಲ್ಲ.

ಕರಾಂದಿರು ಕಲಿಸಿದ ಪಾಠ

ಬ್ರೆಜಿಲ್‌ನ ಸಾವೊ ಪಾಲೊ ನಗರದಲ್ಲಿ ಕರಾಂದಿರು ಎಂಬ ಬೃಹತ್ ಕಾರಾಗೃಹವಿತ್ತು. 1992ರಲ್ಲಿ ಅಲ್ಲಿ ಏಳು ಸಾವಿರಕ್ಕೂ ಹೆಚ್ಚು ಕೈದಿಗಳಿದ್ದರು. ಅದು ಅದರ ಸಾಮರ್ಥ್ಯದ ಎರಡು ಪಟ್ಟನ್ನು ಮೀರಿದ ಸಂಖ್ಯೆ. ಅದರ ಒಂಬತ್ತನೆಯ ವಿಭಾಗದಲ್ಲಿ ಎರಡು ಸಾವಿರ ಮಂದಿ. ಅವರಲ್ಲಿ ಹೆಚ್ಚಿನವರು ಮೊದಲ ಸಲ ಜೈಲು ಕಂಡ ಯುವಕರು. ಆ ವರ್ಷದ ಅಕ್ಟೋಬರ್ 2ರಂದು ಇಬ್ಬರು ಕೈದಿಗಳ ನಡುವೆ ಜಗಳ ಹತ್ತಿತು. ಅದು ಗುಂಪುಗಳ ಹೊಡೆದಾಟವಾಗಿ ಹಬ್ಬಿತು. ಕಾವಲಿನವರಿಗೆ ಹತೋಟಿ ತಪ್ಪಿತು. ಸೇನಾ ಮಾದರಿಯ ಪೊಲೀಸರು ಬಂದೂಕು ಹಿಡಿದು ಒಳನುಗ್ಗಿದರು. ಸಂಜೆಯೊಳಗೆ 111 ಕೈದಿಗಳು ಸತ್ತಿದ್ದರು. ಒಬ್ಬನೇ ಒಬ್ಬ ಪೊಲೀಸ್ ಸಾಯಲಿಲ್ಲ. ಸತ್ತವರಲ್ಲಿ 84 ಮಂದಿಗೆ ಇನ್ನೂ ಶಿಕ್ಷೆಯೇ ಆಗಿರಲಿಲ್ಲ ಎಂದು ಅಮೆರಿಕ ಖಂಡದ ರಾಷ್ಟ್ರಗಳ ಮಾನವ ಹಕ್ಕು ಆಯೋಗ ದಾಖಲಿಸಿತು.

ಈ ಜೈಲಿನ ಒಳಗನ್ನು ಜಗತ್ತಿಗೆ ತಿಳಿಸಿದವರು ಒಬ್ಬ ವೈದ್ಯರು. ಅವರು ಡಾ. ದ್ರಾವ್‌ಜಿಯೊ ವರೆಲ್ಲಾ ಎಂಬ ಕ್ಯಾನ್ಸರ್ ತಜ್ಞರು. ಏಡ್ಸ್ ತಡೆಯ ಕೆಲಸಕ್ಕೆಂದು 1989ರಲ್ಲಿ ಕರಾಂದಿರು ಹೊಕ್ಕ ಅವರು ಜೈಲು ಮುಚ್ಚುವವರೆಗೂ ಸ್ವಯಂಸೇವಕ ವೈದ್ಯರಾಗಿ ಅಲ್ಲಿ ದುಡಿದರು. 1999ರಲ್ಲಿ ಪ್ರಕಟವಾದ ಅವರ ಪುಸ್ತಕ ಬ್ರೆಜಿಲ್‌ನಲ್ಲಿ ಮನೆಮಾತಾಯಿತು. ಅವರು ಕಂಡ ಜೈಲಿನಲ್ಲಿ ಅಡುಗೆ ಹಂಚುವುದು, ಗುಡಿಸುವುದು, ಜಗಳ ತೀರ್ಮಾನಿಸುವುದು ಎಲ್ಲವೂ ಕೈದಿಗಳ ಕೈಯಲ್ಲಿತ್ತು. ಕೋಣೆಗಳಿಗೆ ಬೆಲೆಯಿತ್ತು, ಹಣ ಕೊಟ್ಟವನಿಗೆ ಒಳ್ಳೆಯ ಕೋಣೆ. ಮಾದಕ ವಸ್ತುವಿನ ಸಾಲ ತೀರಿಸಲಾಗದವನಿಗೆ ಚೂರಿಯ ಭಯ. ಜೀವ ಬೆದರಿಕೆಯಿದ್ದವರು ಒಂದು ಮಹಡಿಯಲ್ಲಿ ಬಿಸಿಲು ಕೂಡ ಕಾಣದೆ ತಮ್ಮನ್ನು ತಾವೇ ಕೂಡಿಹಾಕಿಕೊಂಡಿದ್ದರು.

ಗಮನಿಸಿ. ಸರ್ಕಾರ ಹೊರಗೋಡೆಯನ್ನು ಮಾತ್ರ ಕಾಯುತ್ತಿತ್ತು. ಗೋಡೆಯ ಒಳಗೆ ಸರ್ಕಾರವೇ ಇರಲಿಲ್ಲ. ಸರ್ಕಾರವಿಲ್ಲದ ಜಾಗ ಬಹಳ ದಿನ ಖಾಲಿ ಇರುವುದಿಲ್ಲ. ಬಲವಿದ್ದವನು ಬಂದು ಕೂರುತ್ತಾನೆ. ಮುಂದೆ ಹೇಳುವ ಕಾರಣಗಳನ್ನೆಲ್ಲ ಈ ಮಾತಿನೊಂದಿಗೆ ಸೇರಿಸಿ ಓದಿ.

ಇಕ್ಕಟ್ಟು ಮತ್ತು ಕೆಟ್ಟ ನಿದ್ರೆ

ಮೊದಲ ಕಾರಣ ಇಕ್ಕಟ್ಟು. ಬ್ಯಾರಕ್ಕಿನಲ್ಲಿ ಮಲಗುವ ಪ್ರತಿಯೊಬ್ಬನಿಗೂ 3.71 ಚದರ ಮೀಟರ್, ಅಂದರೆ ಸುಮಾರು 40 ಚದರ ಅಡಿ ಜಾಗ ಇರಬೇಕೆಂದು ನಮ್ಮ ದೇಶದ 2016ರ ಮಾದರಿ ಕಾರಾಗೃಹ ಕೈಪಿಡಿ ಹೇಳುತ್ತದೆ. ನಿಮ್ಮ ಮನೆಯ ಮಂಚವನ್ನೂ ಅದರ ಪಕ್ಕ ಕಾಲಿಡುವಷ್ಟು ಜಾಗವನ್ನೂ ಊಹಿಸಿಕೊಳ್ಳಿ; ಹೆಚ್ಚುಕಡಿಮೆ ಅಷ್ಟೇ. ಇಷ್ಟೂ ಸಿಗದಿದ್ದಾಗ ಜನ ಮಗ್ಗುಲಾಗಿ, ಒಬ್ಬರಿಗೊಬ್ಬರು ಅಂಟಿಕೊಂಡು ಮಲಗುತ್ತಾರೆ. ಫಿಲಿಪ್ಪೀನ್ಸ್‌ನ ಕಿಕ್ಕಿರಿದ ಜೈಲುಗಳಲ್ಲಿ ಮೆಟ್ಟಿಲುಗಳ ಮೇಲೆ ಕೂಡ ಜನ ಮಲಗಿದ ಚಿತ್ರಗಳು 2016ರಲ್ಲಿ ಜಗತ್ತಿನ ಪತ್ರಿಕೆಗಳಲ್ಲಿ ಬಂದವು.

ನಿದ್ರೆ ಕೆಟ್ಟರೆ ಏನಾಗುತ್ತದೆ ಎಂಬುದು ಹಸುಗೂಸಿರುವ ಮನೆಯವರಿಗೆಲ್ಲ ಗೊತ್ತು. ಎರಡು ರಾತ್ರಿ ಕಣ್ಣು ಮುಚ್ಚದಿದ್ದರೆ ಮಾತು ಮಾತಿಗೆ ಸಿಡುಕು. ಕೋಪವನ್ನು ತಡೆದು ನಿಲ್ಲಿಸುವ ಮಿದುಳಿನ ಮುಂಭಾಗದ ಹಿಡಿತ ಸಡಿಲವಾಗುತ್ತದೆ. ಸಣ್ಣ ಮಾತೂ ಬೆದರಿಕೆಯಂತೆ ಕೇಳಿಸುತ್ತದೆ. ಇದನ್ನು ತಿಂಗಳುಗಟ್ಟಲೆ, ಬೇಸಿಗೆಯ ಸೆಕೆಯಲ್ಲಿ, ಒಂದೇ ನಲ್ಲಿ ಮತ್ತು ಒಂದೇ ಶೌಚಾಲಯದ ಮುಂದೆ ಸಾಲು ನಿಂತ ಹತ್ತಾರು ಜನಕ್ಕೆ ಗುಣಿಸಿ. ಬಕೆಟ್ಟಿನ ಜಗಳ ಏಕೆ ತಲೆ ಒಡೆಯುವವರೆಗೆ ಹೋಗುತ್ತದೆ ಎಂಬುದು ಆಗ ಅರ್ಥವಾಗುತ್ತದೆ.

ಇಕ್ಕಟ್ಟಿನಿಂದ ಇನ್ನೊಂದು ಅನಾಹುತವಿದೆ. ಬೇರೆ ಬೇರೆ ಇರಬೇಕಾದವರು ಒಂದೇ ಕಡೆ ಸೇರುತ್ತಾರೆ. ಸೈಕಲ್ ಕದ್ದ ಹತ್ತೊಂಬತ್ತರ ಹುಡುಗ, ಹಲವು ಕೊಲೆಗಳ ಆರೋಪ ಹೊತ್ತವನ ಪಕ್ಕದಲ್ಲಿ ಮಲಗುತ್ತಾನೆ. ಅವನಿಗೆ ಆಗ ಎರಡೇ ದಾರಿ: ಪೆಟ್ಟು ತಿನ್ನುವುದು ಅಥವಾ ಪೆಟ್ಟು ಕೊಡುವವರ ಗುಂಪು ಸೇರುವುದು.

2024ರ ಸೆಪ್ಟೆಂಬರ್ 2ರಂದು ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯದ ರಾಜಧಾನಿ ಕಿನ್ಶಾಸಾದ ಮಕಾಲಾ ಜೈಲಿನಲ್ಲಿ ನಡೆದದ್ದನ್ನು ಕೇಳಿ. ಅದು 1,500 ಮಂದಿಗೆಂದು ಕಟ್ಟಿದ ಜೈಲು. ಅದರ ಹತ್ತು ಪಟ್ಟು ಜನ ಅಲ್ಲಿ ತುಂಬಿದ್ದರು. ರಾತ್ರಿ ತಪ್ಪಿಸಿಕೊಳ್ಳುವ ಯತ್ನ ನಡೆಯಿತು, ಗುಂಡು ಹಾರಿತು. ಸರ್ಕಾರವೇ ಒಪ್ಪಿಕೊಂಡಂತೆ 129 ಮಂದಿ ಸತ್ತರು. ಗುಂಡಿಗೆ ಬಲಿಯಾದವರು 24 ಮಂದಿ. ಉಳಿದವರಲ್ಲಿ ಬಹುಪಾಲು ಜನ ನೂಕುನುಗ್ಗಲಲ್ಲಿ, ಉಸಿರುಗಟ್ಟಿ ಸತ್ತವರು. ಆ ಗದ್ದಲದಲ್ಲಿ ಹಲವು ಮಹಿಳಾ ಕೈದಿಗಳ ಮೇಲೆ ಅತ್ಯಾಚಾರವೂ ನಡೆಯಿತು.

ಕಾಯುವವರಿಲ್ಲದ ಮನೆ

ಎರಡನೆಯ ಕಾರಣ ಸಿಬ್ಬಂದಿಯ ಕೊರತೆ. 2022ರ ಲೆಕ್ಕದಂತೆ ಭಾರತದ ಜೈಲುಗಳಲ್ಲಿ ಮಂಜೂರಾದ ಹುದ್ದೆಗಳ ಪೈಕಿ ಕಾಲು ಭಾಗಕ್ಕಿಂತ ಹೆಚ್ಚು ಖಾಲಿಯಿದ್ದವು. ಒಬ್ಬ ವಾರ್ಡರ್ ನೂರಾರು ಜನರ ಮೇಲೆ ಕಣ್ಣಿಡಬೇಕಾದಾಗ ಅವನು ಕೈದಿಗಳಲ್ಲೇ ಗಟ್ಟಿಗನೊಬ್ಬನನ್ನು ಹಿಡಿದು ಕೆಲಸ ಸಾಗಿಸುತ್ತಾನೆ. ಇದು ತಾತ್ಕಾಲಿಕ ಅನುಕೂಲ. ಆದರೆ ಅಂದಿನಿಂದ ಬ್ಯಾರಕ್ಕಿನ ಯಜಮಾನ ಸರ್ಕಾರವಲ್ಲ, ಆ ಗಟ್ಟಿಗ. ಮಲಗುವ ಜಾಗ, ಸ್ನಾನದ ನೀರು, ಮನೆಗೆ ಫೋನು ಎಲ್ಲಕ್ಕೂ ಅವನಿಗೆ ಕಪ್ಪ ಸಲ್ಲಬೇಕು. ಅವನಿಗೊಬ್ಬ ಎದುರಾಳಿ ಹುಟ್ಟಿದ ದಿನ ರಕ್ತ ಹರಿಯುತ್ತದೆ.

ಈಕ್ವೆಡಾರ್ ದೇಶದಲ್ಲಿ ಇದು ಪರಾಕಾಷ್ಠೆಗೆ ಹೋಯಿತು. ಅಲ್ಲಿ ಮಾದಕ ವಸ್ತು ಸಾಗಿಸುವ ಗುಂಪುಗಳು ಜೈಲಿನ ವಿಭಾಗಗಳನ್ನೇ ಹಂಚಿಕೊಂಡಿದ್ದವು. 2021ರ ಸೆಪ್ಟೆಂಬರ್‌ನಲ್ಲಿ ಗ್ವಾಯಾಕಿಲ್ ನಗರದ ಒಂದೇ ಜೈಲಿನಲ್ಲಿ ಸುಮಾರು 120 ಮಂದಿ ಸತ್ತರು. ಬಂದೂಕು ಮಾತ್ರವಲ್ಲ, ಕೈಬಾಂಬುಗಳೂ ಒಳಗಿದ್ದವು! ಆ ಒಂದು ವರ್ಷದಲ್ಲಿ ಆ ಪುಟ್ಟ ದೇಶದ ಜೈಲುಗಳಲ್ಲಿ ಕೊಲೆಯಾದವರು 300ಕ್ಕೂ ಹೆಚ್ಚು. ಬಂದೂಕು ತಾನಾಗಿ ಗೋಡೆ ಹತ್ತಿ ಒಳಗೆ ಬರುವುದಿಲ್ಲ. ಸಂಬಳ ಸಾಲದ, ತರಬೇತಿಯಿಲ್ಲದ, ಮನೆಯವರಿಗೆ ಬೆದರಿಕೆಯಿರುವ ಕಾವಲುಗಾರ ಬಾಗಿಲು ತೆರೆದಾಗ ಬರುತ್ತದೆ.

ಕೊರತೆ ಮತ್ತು ವಸೂಲಿ

ಮೂರನೆಯ ಕಾರಣ ಅಗತ್ಯ ವಸ್ತುಗಳ ಅಭಾವ. ಊಟ, ಸೋಪು, ಬೀಡಿ, ಔಷಧಿ, ಕಂಬಳಿ ಯಾವುದು ಕಡಿಮೆಯೋ ಅದು ಹಣವಾಗುತ್ತದೆ. ಹಣವಿದ್ದಲ್ಲಿ ಸಾಲ, ಸಾಲವಿದ್ದಲ್ಲಿ ವಸೂಲಿ, ವಸೂಲಿಯಿದ್ದಲ್ಲಿ ಪೆಟ್ಟು. 2017ರ ಜೂನ್‌ನಲ್ಲಿ ಮುಂಬೈಯ ಬೈಕುಲಾ ಮಹಿಳಾ ಜೈಲಿನಲ್ಲಿ ಒಬ್ಬ ಕೈದಿ ಸತ್ತರು. ಹಂಚಬೇಕಾದ ಮೊಟ್ಟೆ ಮತ್ತು ಪಾವ್ ಲೆಕ್ಕಕ್ಕೆ ಸಿಗಲಿಲ್ಲವೆಂಬ ಮಾತಿಗೆ ಸಿಬ್ಬಂದಿ ಅವರನ್ನು ಹೊಡೆದರು ಎಂಬುದು ಆರೋಪ. ಆರು ಮಂದಿ ಸಿಬ್ಬಂದಿಯ ಬಂಧನವಾಯಿತು. ಸುದ್ದಿ ತಿಳಿದ ಉಳಿದ ಮಹಿಳೆಯರು ರೊಚ್ಚಿಗೆದ್ದು ಛಾವಣಿ ಹತ್ತಿದರು. ಎರಡು ಮೊಟ್ಟೆಯ ಲೆಕ್ಕ ಒಂದು ಜೀವಕ್ಕೆ, ಆಮೇಲೆ ಒಂದು ದೊಂಬಿಗೆ ಮುಟ್ಟುವ ಜಾಗ ಅದು.

ಇಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ಜೈಲಿನ ಹಿಂಸೆಯೆಂದರೆ ಕೈದಿ ಕೈದಿಯನ್ನು ಹೊಡೆಯುವುದಷ್ಟೇ ಅಲ್ಲ. ಬೇಲಿಯೇ ಎದ್ದು ಹೊಲ ಮೇಯುವುದೂ ಉಂಟು. ದೆಹಲಿಯ ತಿಹಾರ್ ಜೈಲಿನಲ್ಲಿ ವಾರ್ಡರ್ ಒಬ್ಬ ನೆಂಟರಿಂದ ಹಣ ಕೀಳಲು ಒಬ್ಬ ಕೈದಿಯನ್ನು ಕ್ರೂರವಾಗಿ ಹಿಂಸಿಸಿದ. ಅದನ್ನು ಕಂಡ ಇನ್ನೊಬ್ಬ ಕೈದಿ ಸುನಿಲ್ ಬಾತ್ರಾ ಸುಪ್ರೀಂ ಕೋರ್ಟಿಗೆ ಪತ್ರ ಬರೆದ. ಆ ಪತ್ರವನ್ನೇ ಅರ್ಜಿಯೆಂದು ಸ್ವೀಕರಿಸಿದ ನ್ಯಾಯಾಲಯ, ಜೈಲಿನ ಬಾಗಿಲಲ್ಲಿ ಮನುಷ್ಯನ ಮೂಲಭೂತ ಹಕ್ಕುಗಳು ಮುಗಿಯುವುದಿಲ್ಲ ಎಂದು 1979ರ ಡಿಸೆಂಬರ್‌ನಲ್ಲಿ ತೀರ್ಪಿತ್ತಿತು. ಮೇಲಿನವನು ಕೈ ಎತ್ತುವ ಜಾಗದಲ್ಲಿ ಕೆಳಗಿನವನು ಕಲಿಯುವುದೂ ಅದನ್ನೇ.

ಮದ್ದಿಲ್ಲದ ಕಾಯಿಲೆ

ಈ ಅಂಕಣಕ್ಕೆ ಅತಿ ಹತ್ತಿರವಾದದ್ದು ನಾಲ್ಕನೆಯ ಕಾರಣ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಬೆಂಗಳೂರು ಕೇಂದ್ರ ಕಾರಾಗೃಹದ 5,024 ಕೈದಿಗಳನ್ನು ಪರೀಕ್ಷಿಸಿ 2011ರಲ್ಲಿ ವರದಿ ಪ್ರಕಟಿಸಿದರು. ಹೊಗೆಸೊಪ್ಪು, ಮದ್ಯ ಮುಂತಾದ ವಸ್ತುಗಳ ಚಟವನ್ನೂ ಸೇರಿಸಿದರೆ ನೂರಕ್ಕೆ ಸುಮಾರು 80 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿತ್ತು. ಚಟಗಳನ್ನು ಬಿಟ್ಟು ಲೆಕ್ಕ ಹಾಕಿದರೂ ನೂರಕ್ಕೆ 27ಕ್ಕಿಂತ ಹೆಚ್ಚು ಮಂದಿ ಮಾನಸಿಕ ಕಾಯಿಲೆಯಿಂದ ಬಳಲುತ್ತಿದ್ದರು.

ಈ ಕಾಯಿಲೆಗಳು ಜಗಳವಾಗಿ ಬದಲಾಗುವ ಬಗೆಯನ್ನು ಒಂದು ಉದಾಹರಣೆಯಿಂದ ನೋಡಿ. ನಿತ್ಯ ವಿಪರೀತ ಕುಡಿಯುವವನೊಬ್ಬ ಜೈಲು ಸೇರುತ್ತಾನೆನ್ನಿ. ಆ ದಿನದಿಂದ ಅವನಿಗೆ ಮದ್ಯ ಇಲ್ಲ. ಒಂದೇ ದಿನದೊಳಗೆ ಕೈ ನಡುಗುತ್ತದೆ, ಬೆವರುತ್ತದೆ, ನಿದ್ರೆ ಹಾರಿಹೋಗುತ್ತದೆ. ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡು ಮೂರನೆಯ ದಿನಕ್ಕೆ ಕೆಲವರಿಗೆ ಸನ್ನಿ ಹಿಡಿಯುತ್ತದೆ. ಇಲ್ಲದ ಹಾವು, ಹುಳು ಕಾಣುತ್ತವೆ. ಪಕ್ಕದವನು ಕೊಲ್ಲಲು ಬಂದಂತೆ ತೋರುತ್ತದೆ. ಅವನು ಕಿರಿಚುತ್ತಾನೆ, ಎದುರಿಗೆ ಸಿಕ್ಕವರ ಮೇಲೆ ಬೀಳುತ್ತಾನೆ. ಇದನ್ನು ಉದ್ಧಟತನವೆಂದು ತಿಳಿದು ಸಹಕೈದಿಗಳೋ ಸಿಬ್ಬಂದಿಯೋ ನಾಲ್ಕು ಬಾರಿಸುತ್ತಾರೆ. ನಿಜವಾಗಿ ಅದು ಜೀವಕ್ಕೇ ಅಪಾಯ ತರುವ ವೈದ್ಯಕೀಯ ತುರ್ತು ಸ್ಥಿತಿ. ಅದಕ್ಕೆ ಸರಿಯಾದ ಶಮನಕಾರಿ ಔಷಧಿಯೂ ಥಯಾಮಿನ್ ಎಂಬ ಬಿ-1 ಜೀವಸತ್ವವೂ ಬೇಕು. ಇವು ದುಬಾರಿಯಲ್ಲ. ಒಳಗೆ ಬಂದ ದಿನವೇ ‘ನಿನಗೆ ಕುಡಿತವಿದೆಯೇ? ಎಷ್ಟು? ಕೊನೆಯ ಸಲ ಯಾವಾಗ?’ ಎಂದು ಕೇಳುವವರೊಬ್ಬರು ಇದ್ದರೆ ಸಾಕು.

ಅಪಸ್ಮಾರದ ರೋಗಿಗೆ ಗುಳಿಗೆ ತಪ್ಪಿದರೆ, ಚಿತ್ತವಿಕಲತೆಯಿರುವವನಿಗೆ ಔಷಧಿ ನಿಂತರೆ ಇದೇ ಕಥೆ. ಬುದ್ಧಿಮಾಂದ್ಯನಾದವನಿಗೆ ಜೈಲಿನ ಕಟ್ಟುಪಾಡು ಅರ್ಥವಾಗುವುದಿಲ್ಲ. ಅವನು ಎಲ್ಲರ ಕೈಗೂ ಸಿಕ್ಕುತ್ತಾನೆ. ಖಿನ್ನತೆಯಿರುವವನು ಹಿಂಸೆಯನ್ನು ತನ್ನ ಮೇಲೆಯೇ ತಿರುಗಿಸಿಕೊಳ್ಳುತ್ತಾನೆ. ಜೈಲು ಸೇರಿದ ಮೊದಲ ಕೆಲವು ದಿನಗಳು ಆತ್ಮಹತ್ಯೆಯ ಅಪಾಯ ಅತಿ ಹೆಚ್ಚಿರುವ ಕಾಲ. ಆದರೆ ಐದೂಮುಕ್ಕಾಲು ಲಕ್ಷದಷ್ಟು ಕೈದಿಗಳಿದ್ದ 2022ರಲ್ಲಿ ಇಡೀ ದೇಶದ ಜೈಲುಗಳಲ್ಲಿದ್ದ ಮನೋವೈದ್ಯರು ಮತ್ತು ಮನಶ್ಶಾಸ್ತ್ರಜ್ಞರ ಸಂಖ್ಯೆ ಸುಮಾರು 25!

ಕೊನೆಯಿಲ್ಲದ ಕಾಯುವಿಕೆ

ಐದನೆಯ ಕಾರಣ ಅನಿಶ್ಚಿತತೆ ಮತ್ತು ಕೆಲಸವಿಲ್ಲದ ಹಗಲು. ಮೂರು ವರ್ಷ ಶಿಕ್ಷೆಯಾದವನು ಕ್ಯಾಲೆಂಡರ್ ನೋಡಿ ದಿನ ಎಣಿಸಬಲ್ಲ. ವಿಚಾರಣಾಧೀನನಿಗೆ ಎಣಿಸಲು ದಿನವೇ ಇಲ್ಲ. ವಾಯಿದೆಯ ಮೇಲೆ ವಾಯಿದೆ. ಕರೆದೊಯ್ಯಲು ಪೊಲೀಸರಿಲ್ಲವೆಂದು ಒಮ್ಮೆ, ಸಾಕ್ಷಿ ಬರಲಿಲ್ಲವೆಂದು ಇನ್ನೊಮ್ಮೆ. ಶಿಕ್ಷೆಯಾದವನಿಗಾದರೂ ಜೈಲಿನಲ್ಲಿ ಕೆಲಸವಿರುತ್ತದೆ, ಅಷ್ಟಿಷ್ಟು ಕೂಲಿ ಬರುತ್ತದೆ. ವಿಚಾರಣಾಧೀನ ಹೆಚ್ಚಾಗಿ ಖಾಲಿ ಕೂತಿರುತ್ತಾನೆ. ಮನೆಯಲ್ಲಿ ಹೆಂಡತಿ ಮಕ್ಕಳು ಏನು ತಿನ್ನುತ್ತಿದ್ದಾರೋ ಎಂಬ ಚಿಂತೆ ಬೇರೆ. ಒಳ್ಳೆಯ ನಡತೆಯಿಂದ ಶಿಕ್ಷೆ ಕಡಿಮೆಯಾಗುವ ಆಸೆಯೂ ಅವನಿಗಿಲ್ಲ. ಏಕೆಂದರೆ ಶಿಕ್ಷೆಯೇ ಆಗಿಲ್ಲ. ಕಳೆದುಕೊಳ್ಳಲು ಏನೂ ಇಲ್ಲ ಎಂದು ತಿಳಿದವನನ್ನು ಯಾವ ಲಾಠಿಯೂ ಹೆದರಿಸಲಾರದು.

ಸ್ವಭಾವವೇ ಹಾಗಲ್ಲವೇ?

‘ಇಷ್ಟೆಲ್ಲ ಸರಿ. ಆದರೆ ಅನೇಕರು ನಿಜವಾಗಿಯೂ ಕ್ರೂರಿಗಳಲ್ಲವೇ? ಶ್ರೀಮಂತ ದೇಶಗಳ ಜೈಲುಗಳಲ್ಲೂ ಕೊಲೆಗಳಾಗುವುದಿಲ್ಲವೇ?’ ಎಂದು ನೀವು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಕ್ರೂರಿಗಳು ಇದ್ದಾರೆ, ಅವರನ್ನು ಬೇರೆ ಇಡಲೇಬೇಕು. ಶ್ರೀಮಂತ ದೇಶಗಳ ಜೈಲುಗಳಲ್ಲೂ ಹಿಂಸೆಯಿದೆ. ಅಲ್ಲಿಯೂ ಜೈಲು ಕಿಕ್ಕಿರಿದು ಸಿಬ್ಬಂದಿ ಕಡಿಮೆಯಾದಾಗ ಅದು ಏರುತ್ತದೆ. ಆದರೆ ಸ್ವಭಾವವೇ ಎಲ್ಲಕ್ಕೂ ಕಾರಣವಾಗಿದ್ದರೆ ಜೈಲಿನ ಸ್ಥಿತಿ ಬದಲಾದಾಗ ಹಿಂಸೆ ಬದಲಾಗಬಾರದಿತ್ತು. ಬದಲಾಗುತ್ತದೆ ಎಂಬುದಕ್ಕೆ ಉದಾಹರಣೆಗಳಿವೆ.

ಅದೇ ಬ್ರೆಜಿಲ್‌ನಲ್ಲಿ 1972ರಿಂದ ‘ಅಪಾಕಿ’ ಎಂಬ ಹೆಸರಿನ ಬೇರೊಂದು ಬಗೆಯ ಜೈಲುಗಳು ನಡೆಯುತ್ತಿವೆ. ಅಲ್ಲಿ ಶಸ್ತ್ರಧಾರಿ ಕಾವಲುಗಾರರಿಲ್ಲ. ಬಾಗಿಲಿನ ಬೀಗದ ಕೈಗಳನ್ನು ಕೈದಿಗಳೇ ಇಟ್ಟುಕೊಳ್ಳುತ್ತಾರೆ. ಜೈಲು ಚಿಕ್ಕದು, ಪ್ರತಿಯೊಬ್ಬನಿಗೂ ಕೆಲಸ, ಪಾಠ, ಮನೆಯವರ ಭೇಟಿ ಇರುತ್ತದೆ. ಕೆರಿಬಿಯನ್‌ನ ಡೊಮಿನಿಕನ್ ಗಣರಾಜ್ಯ 2003ರಿಂದ ಹೊಸ ಮಾದರಿಯ ಜೈಲುಗಳನ್ನು ತೆರೆಯಿತು. ಪೊಲೀಸ್ ಮತ್ತು ಸೈನ್ಯದವರ ಬದಲು ಹೊಸಬರನ್ನು ಆರಿಸಿ ಅದಕ್ಕೆಂದೇ ತೆರೆದ ಶಾಲೆಯಲ್ಲಿ ತರಬೇತಿ ಕೊಟ್ಟಿತು. ಹಾಸಿಗೆಯಿದ್ದಷ್ಟೇ ಜನ ಎಂಬ ನಿಯಮ ಮಾಡಿತು. ಅಕ್ಷರ ಬಾರದವನಿಗೆ ಅಕ್ಷರ ಕಡ್ಡಾಯ ಮಾಡಿತು. ನಮ್ಮಲ್ಲಿಯೇ ರಾಜಸ್ಥಾನದ ಸಾಂಗಾನೇರ್ ಬಯಲು ಬಂದೀಖಾನೆಯಲ್ಲಿ 1963ರಿಂದ ಕೈದಿಗಳು ಹೆಂಡತಿ ಮಕ್ಕಳೊಂದಿಗೆ ವಾಸಿಸಿ, ಹಗಲು ಹೊರಗೆ ದುಡಿದು, ಸಂಜೆ ಹಾಜರಿಗೆ ಮರಳುತ್ತಾ ಬಂದಿದ್ದಾರೆ. ಅಲ್ಲಿರುವವರಲ್ಲಿ ಕೊಲೆಗಾಗಿ ಶಿಕ್ಷೆ ಅನುಭವಿಸುತ್ತಿರುವವರೂ ಇದ್ದಾರೆ.

ಇಂಥ ಕಡೆಗಳಿಗೆ ಸಾಮಾನ್ಯವಾಗಿ ಒಳ್ಳೆಯ ನಡತೆಯವರನ್ನೇ ಆರಿಸುತ್ತಾರೆ ಎಂಬುದು ನಿಜ. ಎಲ್ಲ ಜೈಲುಗಳ ಬಾಗಿಲನ್ನೂ ನಾಳೆಯೇ ತೆರೆಯಿರಿ ಎಂದು ಯಾರೂ ಹೇಳುತ್ತಿಲ್ಲ. ಆದರೆ ಜಾಗ, ಕೆಲಸ, ಮನೆಯವರ ಮುಖ, ನ್ಯಾಯವಾಗಿ ನಡೆಸಿಕೊಳ್ಳುವ ಸಿಬ್ಬಂದಿ ಇಷ್ಟು ಸಿಕ್ಕಿದರೆ ಕೊಲೆ ಮಾಡಿದವನೂ ನೆಮ್ಮದಿಯಿಂದ ಬಾಳಬಲ್ಲ ಎಂಬುದಕ್ಕೆ ಇವು ಸಾಕ್ಷಿ.

ಗೋಡೆ ದಾಟಿ ಬರುವ ಪಿಡುಗು

‘ಒಳಗೆ ಬಡಿದಾಡಿಕೊಂಡರೆ ನಮಗೇನು?’ ಎನ್ನುವವರು ಕರಾಂದಿರು ಕಥೆಯ ಮುಂದಿನ ಭಾಗವನ್ನು ಕೇಳಬೇಕು. ಹತ್ಯಾಕಾಂಡದ ಮರುವರ್ಷ, 1993ರಲ್ಲಿ, ಸಾವೊ ಪಾಲೊ ರಾಜ್ಯದ ತೌಬಾತೆ ಎಂಬಲ್ಲಿನ ಜೈಲಿನಲ್ಲಿ ಕೆಲವು ಕೈದಿಗಳು ‘ಪಿಸಿಸಿ’ ಎಂಬ ಕೂಟ ಕಟ್ಟಿದರು. ಕೈದಿಗಳ ರಕ್ಷಣೆ ಮತ್ತು ಕರಾಂದಿರು ಸಾವುಗಳ ಸೇಡು ಅದರ ಘೋಷಣೆ. ಸರ್ಕಾರ ಕೊಡದ ರಕ್ಷಣೆಯನ್ನು ಅದು ಕೊಟ್ಟಿತು. ಪ್ರತಿಫಲವಾಗಿ ಕೈದಿಗಳ ನಿಷ್ಠೆ ಪಡೆಯಿತು. 2001ರ ಫೆಬ್ರವರಿಯಲ್ಲಿ ಒಂದೇ ದಿನ 29 ಜೈಲುಗಳಲ್ಲಿ ದಂಗೆ ಎಬ್ಬಿಸಿತು. 2006ರ ಮೇ ತಿಂಗಳಲ್ಲಿ ಪಿಸಿಸಿಯ ದಾಳಿ, ಅದಕ್ಕೆ ಪೊಲೀಸರ ಪ್ರತಿದಾಳಿ ಎರಡೂ ಸೇರಿ ನೂರಾರು ಜನ ಸತ್ತರು. ಸಾವೊ ಪಾಲೊ ಮಹಾನಗರವೇ ಸ್ತಬ್ಧವಾಯಿತು. ಕರಾಂದಿರು ಕಟ್ಟಡವನ್ನು 2002ರಲ್ಲಿ ಕೆಡವಿ ಉದ್ಯಾನ ಮಾಡಿದರು. ಅದರೊಳಗಿನ ಹಿಂಸೆಯಿಂದ ಹುಟ್ಟಿದ ಕೂಟ ಇಂದು ದಕ್ಷಿಣ ಅಮೆರಿಕದ ಅತಿ ಪ್ರಬಲ ಅಪರಾಧ ಜಾಲಗಳಲ್ಲೊಂದು.

ರೋಗಗಳಿಗೂ ಗೋಡೆ ತಡೆಯಲ್ಲ. ಗಾಳಿಯಾಡದ ಬ್ಯಾರಕ್ಕಿನ ಕ್ಷಯ ಬಿಡುಗಡೆಯಾದವನ ಜೊತೆ ಮನೆಗೆ ಬರುತ್ತದೆ. ಪೆಟ್ಟು ತಿಂದು, ಪೆಟ್ಟು ಕೊಡುವುದನ್ನು ಕಲಿತು ಬಂದವನ ನಡವಳಿಕೆಯೂ ಹಾಗೆಯೇ. ಜೈಲು ಸೇರಿದವರಲ್ಲಿ ಹೆಚ್ಚಿನವರು ಒಂದಲ್ಲ ಒಂದು ದಿನ ಹೊರಬರುತ್ತಾರೆ. ಅವರು ಬರುವುದು ನಮ್ಮ ಊರಿಗೆ, ನಮ್ಮ ಬೀದಿಗೆ.

ಮಾಡಬೇಕಾದದ್ದೇನು?

ಹೊಡೆದಾಟವಾದಾಗಲೆಲ್ಲ ನಾವು ಕೇಳುವ ಪರಿಹಾರ ಇನ್ನಷ್ಟು ಎತ್ತರದ ಗೋಡೆ, ಇನ್ನಷ್ಟು ಕ್ಯಾಮೆರಾ, ಇನ್ನಷ್ಟು ಬಿಗಿ. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಇದು. ಮೊದಲ ಮದ್ದು ಒಳಗೆ ಇರಬೇಕಾಗಿಲ್ಲದವರನ್ನು ಹೊರಗೆ ಕಳಿಸುವುದು. ಅದಕ್ಕೆ ಕಾನೂನು ಈಗಾಗಲೇ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಕಲಮಿನಂತೆ, ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧಗಳನ್ನು ಬಿಟ್ಟು ಉಳಿದವುಗಳಲ್ಲಿ, ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ಒಳಗಿದ್ದ ವಿಚಾರಣಾಧೀನನಿಗೆ ಬಿಡುಗಡೆಯ ದಾರಿಯಿದೆ. ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಯಾಗಿರದವನಿಗೆ ಮೂರನೆಯ ಒಂದು ಭಾಗ ಸಾಕು. ಹಲವು ಮೊಕದ್ದಮೆಗಳಿದ್ದರೆ ಈ ಸೌಲಭ್ಯವಿಲ್ಲ. ಹಳೆಯ ಪ್ರಕರಣಗಳಿಗೂ ಇದು ಅನ್ವಯವೆಂದು ಸುಪ್ರೀಂ ಕೋರ್ಟ್ ಅದೇ ಆಗಸ್ಟ್‌ನಲ್ಲಿ ಹೇಳಿದೆ. ಅರ್ಜಿ ಹಾಕುವ ಹೊಣೆ ಜೈಲಿನ ಸೂಪರಿಂಟೆಂಡೆಂಟರದು. ಜಾಮೀನು ಸಿಕ್ಕಿಯೂ ಹಣವಿಲ್ಲದೆ ಉಳಿದ ಬಡವರಿಗೆ ನೆರವಾಗುವ ಕೇಂದ್ರದ ಯೋಜನೆಯೊಂದು 2023ರಲ್ಲಿ ಬಂದಿದೆ. ಕಾಗದದ ಮೇಲಿರುವ ಇವು ಬ್ಯಾರಕ್ಕಿನವರೆಗೆ ತಲುಪಬೇಕು.

ಎರಡನೆಯದು ಖಾಲಿ ಹುದ್ದೆ ತುಂಬುವುದು, ಸಿಬ್ಬಂದಿಗೆ ಮರ್ಯಾದೆಯ ಸಂಬಳ, ತರಬೇತಿ, ರಜೆ ಕೊಡುವುದು. ಮೂರನೆಯದು ಒಳಬಂದ ಪ್ರತಿಯೊಬ್ಬನಿಗೂ ಮೊದಲ ದಿನವೇ ದೇಹದ ಜೊತೆ ಮನಸ್ಸಿನ ತಪಾಸಣೆ. ಹೊರಗಿನ ಜನರಿಗೆ ಸಿಗುವ ಮಟ್ಟದ ಚಿಕಿತ್ಸೆಯೇ ಕೈದಿಗೂ ಸಿಗಬೇಕು ಎಂದು 2015ರಲ್ಲಿ ವಿಶ್ವಸಂಸ್ಥೆ ಒಪ್ಪಿದ ನೆಲ್ಸನ್ ಮಂಡೇಲಾ ನಿಯಮಗಳು ಹೇಳುತ್ತವೆ. ಪ್ರತಿ ರಾಜ್ಯದಲ್ಲೂ ಕನಿಷ್ಠ ಒಂದು ಜೈಲಿನ ವೈದ್ಯಕೀಯ ವಿಭಾಗದಲ್ಲಿ ಮಾನಸಿಕ ಚಿಕಿತ್ಸೆಯ ಕೇಂದ್ರ ಇರಬೇಕೆಂದು ನಮ್ಮ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ವಿಧಿಸಿದೆ.

ಕೊನೆಯದಾಗಿ ನಿಮಗೊಂದು ಮಾತು. ನಿಮ್ಮ ಬಂಧುಗಳಲ್ಲೋ ಕೆಲಸದವರ ಮನೆಯಲ್ಲೋ ಯಾರಾದರೂ ಜೈಲು ಸೇರುವ ಸಂದರ್ಭ ಬಂದರೆ ನಾಚಿಕೆಯಿಂದ ಮುಖ ಮರೆಸಿಕೊಳ್ಳಬೇಡಿ. ಅವರಿಗೆ ಅಪಸ್ಮಾರ, ಸಕ್ಕರೆ ಕಾಯಿಲೆ, ಮಾನಸಿಕ ಕಾಯಿಲೆ ಅಥವಾ ಕುಡಿತದ ಚಟ ಇದ್ದರೆ ಅದನ್ನೂ ತೆಗೆದುಕೊಳ್ಳುತ್ತಿದ್ದ ಔಷಧಿಯ ಹೆಸರನ್ನೂ ಚೀಟಿಯಲ್ಲಿ ಬರೆದು ಜೈಲಿನ ವೈದ್ಯರಿಗೆ ಮೊದಲ ದಿನವೇ ತಲುಪಿಸಿ. ಹಳೆಯ ಚೀಟಿಗಳ ನಕಲನ್ನೂ ಕೊಡಿ. ಭೇಟಿಯ ದಿನ ತಪ್ಪಿಸಬೇಡಿ. ಮನೆಯವರು ಬಂದು ಹೋಗುವ ಕೈದಿಯ ಮೇಲೆ ಕೈ ಮಾಡಲು ಯಾರಾದರೂ ಒಮ್ಮೆ ಯೋಚಿಸುತ್ತಾರೆ. ಅವನಿಗೂ ದುಡುಕದಿರಲು ಒಂದು ಕಾರಣ ಸಿಗುತ್ತದೆ. ವಕೀಲರಿಗೆ ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಬಂಧನದಲ್ಲಿರುವ ಯಾರಿಗೇ ಆಗಲಿ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು 1987ರ ಕಾಯಿದೆ ಕೊಟ್ಟ ಹಕ್ಕು. 15100 ಸಂಖ್ಯೆಗೆ ಫೋನ್ ಮಾಡಿಯೂ ವಿಚಾರಿಸಬಹುದು.

ತಪ್ಪು ಮಾಡಿದವನಿಗೆ ನ್ಯಾಯಾಲಯ ವಿಧಿಸುವ ಶಿಕ್ಷೆ ಸ್ವಾತಂತ್ರ್ಯದ ನಷ್ಟ ಮಾತ್ರ. ಚೂರಿಯ ಇರಿತ, ಮುರಿದ ಮೂಳೆ, ಕೆಟ್ಟ ಮನಸ್ಸು ಯಾವ ತೀರ್ಪಿನಲ್ಲೂ ಬರೆದಿರುವುದಿಲ್ಲ. ಮುಂದಿನ ಸಲ ‘ಜೈಲಿನಲ್ಲಿ ಮಾರಾಮಾರಿ’ ಎಂಬ ಸುದ್ದಿ ಓದಿದಾಗ ಯಾರು ಯಾರನ್ನು ಹೊಡೆದರು ಎಂಬಲ್ಲಿಗೆ ನಿಲ್ಲಿಸಬೇಡಿ. ಅಲ್ಲಿ ಎಷ್ಟು ಜನರ ಜಾಗದಲ್ಲಿ ಎಷ್ಟು ಜನರಿದ್ದರು, ಅವರಲ್ಲಿ ಎಷ್ಟು ಮಂದಿಗೆ ಶಿಕ್ಷೆಯಾಗಿತ್ತು, ಕಾಯಲು ಎಷ್ಟು ಮಂದಿ ಇದ್ದರು, ವೈದ್ಯರು ಇದ್ದರೇ ಎಂದು ಕೇಳಿ. ಉತ್ತರ ಸಿಗುವವರೆಗೂ ಕೇಳಿ.